ಬಾಗಿಲು ಒಡೆದ ಮನೆ ಮಾರಾಟಕ್ಕಿದೆ

ನಾನು ಅವಳನ್ನು ಮೊದಲು ನೋಡಿದಾಗ ಅವಳ ತುಟಿ ಒಡೆದಿತ್ತು, ಮನೆಯ ಬಾಗಿಲೂ ಒಡೆದಿತ್ತು. ನನ್ನನ್ನು ಕರೆಸಿದ್ದು ಬಾಗಿಲಿಗೆ.

ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಹೊಲಿಗೆ ಅವಳ ಕಸುಬು, ಬೀದಿಗೆಲ್ಲ ಟೈಲರಮ್ಮ. ಬಾಗಿಲಿನ ಹಲಗೆ ನಡುವೆ ಸೀಳಿ, ಚಿಲಕ ಕಿತ್ತುಕೊಂಡು ಒಳಗೆ ಬಿದ್ದಿತ್ತು. ಮರ ತಾನಾಗಿ ಬಿರಿದದ್ದೋ ಕೊಡಲಿ ಬಿದ್ದದ್ದೋ ಎನ್ನುವುದು ಯಾರಿಗಾದರೂ ತಿಳಿಯುವಂತಿತ್ತು. ನಾನು ಕೇಳಲಿಲ್ಲ, ಅವಳೇ ಹೇಳಿದಳು.

"ನಮ್ಮಣ್ಣ. ಮನೆ ಮಾರ್ತೀನಿ ಅಂದೆ, ಅದಕ್ಕೆ."

"ತುಟಿ ಒಡೆದದ್ದೂ ಅದಕ್ಕೇನಾ?"

"ತುಟಿ ತಾನಾಗೇ ವಾಸಿಯಾಗತ್ತೆ ಮೇಸ್ತ್ರಿ. ಬಾಗಿಲು ಆಗಲ್ಲ. ನೀವು ಬಾಗಿಲು ನೋಡಿ."

ನೋಡಿದೆ. ಬಾಗಿಲನ್ನೂ ನೋಡಿದೆ.

ಅಪ್ಪ ಸತ್ತ ಮೇಲೆ ತಾಯಿಯ ಪಾಲಿಗೆ ಬಂದಿದ್ದ ಆ ಮನೆಯನ್ನು ಅವಳು ಸಾಯುವ ಮುಂಚೆ ಮಗಳ ಹೆಸರಿಗೆ ಬರೆದಿದ್ದಳು. ಅಪ್ಪ ಎನ್ನುವವನು ಕೈ ಎತ್ತದೆ ಒಂದು ಮಾತೂ ಆಡಿದವನಲ್ಲ. ಹೆಂಡತಿಯನ್ನು ಹೊಡೆದ, ಮಗನನ್ನು ಹೊಡೆದ, ಮಗಳನ್ನು ಹೊಡೆದ. ಮಗ ಬೆಳೆದು ಅದೇ ಕೈಯಾದ. ಪಕ್ಕದ ಬೀದಿಯಲ್ಲಿ ಅವನಿಗೆ ಸ್ವಂತ ಮನೆಯಿತ್ತು, ಯಾವ ಕೊರತೆಯೂ ಇರಲಿಲ್ಲ. ಆದರೂ ಅಪ್ಪನ ಮನೆಯನ್ನು ಹೆಣ್ಣು ಮಾರುವುದಾ ಎಂದು ಕೂಗುತ್ತ ಬರುತ್ತಿದ್ದ. ಬೀದಿಯವರು ಅವನನ್ನು ಗುಡುಗು ಎನ್ನುತ್ತಿದ್ದರು. ಗುಡುಗು ಬಂದರೆ ಎಲ್ಲರೂ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಅವಳಿಗೆ ಬೇಕಾಗಿದ್ದು ಸಣ್ಣದು. ಪೇಟೆಯ ಕಡೆ ಎರಡು ಕೋಣೆ, ಮುಂದಿನದರಲ್ಲಿ ಮಷೀನು, ಹಿಂದಿನದರಲ್ಲಿ ನಿದ್ದೆ. ಯಾರ ಹೆಜ್ಜೆ ಸದ್ದಿಗೂ ಬೆಚ್ಚಿಬೀಳದ ನಿದ್ದೆ.

ನಾನು ಹೊಸ ಬಾಗಿಲು ಹಾಕಿದೆ, ಗುಡುಗು ಒದ್ದು ಮುರಿದ. ಮತ್ತೆ ಹಾಕಿದೆ. ಆಮೇಲೆ ಕಿಟಕಿ ಒಡೆದ, ಅಟ್ಟದ ಏಣಿ ಒಡೆದ. ಅವಳ ಮುಂಗೈ ತಿರುಚಿದ. ಪ್ರತಿ ಸಲವೂ ಕರೆ ನನಗೇ. ನನ್ನ ಉಳಿ ಸುತ್ತಿಗೆ ಅವಳ ಮನೆಯಲ್ಲೇ ಉಳಿಯತೊಡಗಿದವು.

ಒಂದು ದಿನ ಕೀಲು ಬಿಗಿಯುತ್ತ ಹೇಳಿದೆ. "ನಿಮ್ಮಣ್ಣ ಎಲ್ಲಿ ಬೇಕಾದ್ರೂ ಹೊಡೀತಾನೆ ಟೈಲರಮ್ಮ, ನನ್ನ ಹೊಟ್ಟೆ ಮೇಲೆ ಮಾತ್ರ ಹೊಡೆಯಲ್ಲ. ಕೆಲಸ ಕೊಡ್ತಾನೇ ಇದ್ದಾನೆ."

ಅವಳು ನಕ್ಕಳು. ನಕ್ಕಾಗ ತುಟಿಯ ಗಾಯ ಮತ್ತೆ ಬಿರಿದು ಒಂದು ಹನಿ ರಕ್ತ ಮೂಡಿತು. ಅದನ್ನು ಒರೆಸಿಕೊಂಡು ಮತ್ತೂ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದು, ಬೆರಳ ಸಂದಿನಿಂದ ನನ್ನನ್ನೇ ನೋಡಿದಳು. ನನ್ನ ಸುತ್ತಿಗೆ ಮೊಳೆ ಬಿಟ್ಟು ಹೆಬ್ಬೆರಳಿಗೆ ಬಿತ್ತು. ಉಗುರು ಕಪ್ಪಾಯಿತು. ಅವಳೇ ಬಟ್ಟೆಯ ಚೂರು ಸುತ್ತಿದಳು, ಗಂಟು ಹಾಕಿದ ಮೇಲೂ ಬೆರಳು ಬಿಡಲಿಲ್ಲ. ಇಬ್ಬರೂ ಆ ಬೆರಳನ್ನೇ ನೋಡುತ್ತ ನಿಂತೆವು, ಬೇರೆಲ್ಲಿ ನೋಡುವುದಕ್ಕೂ ಧೈರ್ಯವಿರಲಿಲ್ಲ.

ಮಾರುವುದು ಅವಳಿಗೆ ಬರುತ್ತಿರಲಿಲ್ಲ. ಮನೆ ನೋಡಲು ಬಂದವರಿಗೆ ಕೋಣೆ ತೋರಿಸುತ್ತ, ಈ ಮೂಲೆಯಲ್ಲೇ ಅಪ್ಪ ಅಣ್ಣನ ಕೈ ಮುರಿದದ್ದು, ಈ ಗೋಡೆಗೇ ಅಮ್ಮನ ತಲೆ ಬಡಿದದ್ದು ಎಂದು ಬಿಡಿಸಿ ಹೇಳಿಬಿಡುತ್ತಿದ್ದಳು. ಬಂದವರು ನೀರೂ ಕುಡಿಯದೆ ಹೋಗುತ್ತಿದ್ದರು. ಗಾಳಿ ಬೆಳಕಿನ ಮಾತಾಡಿ ಎಂದು ನಾನು ಹೇಳಿಕೊಟ್ಟೆ. ಮುಂದಿನವರಿಗೆ, ಈ ಕಿಟಕಿಯಿಂದ ಒಳ್ಳೇ ಬೆಳಕು ಬರುತ್ತದೆ ಎಂದಳು. ನನಗೆ ಸಮಾಧಾನವಾಗುವಷ್ಟರಲ್ಲಿ, ಅಣ್ಣ ಕುರ್ಚಿ ಎಸೆದಾಗಿನಿಂದ ಇನ್ನೂ ಜಾಸ್ತಿ ಎಂದು ಸೇರಿಸಿದಳು.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದೋರು ಮಾರೋದು ಹೇಗೆ ಅಂತ ಹೇಳಲೇ ಇಲ್ಲ ನೋಡಿ ಮೇಸ್ತ್ರಿ," ಎಂದು ಮುಖ ಸಣ್ಣದು ಮಾಡಿಕೊಂಡಳು.

ಕೊನೆಗೆ ಬಂದವರು ಕೆಲಸದಿಂದ ನಿವೃತ್ತರಾಗಿದ್ದ ಒಬ್ಬ ನರ್ಸಮ್ಮ. ಎಲ್ಲ ಕೋಣೆಯ ಎಲ್ಲ ಏಟಿನ ಕಥೆಯನ್ನೂ ನಿಂತು ಕೇಳಿದರು. ಚಾವಣಿ ಸೋರುತ್ತದಾ ಎಂದು ವಿಚಾರಿಸಿದರು. ಇಲ್ಲ ಎಂದಳು.

"ಹಾಗಾದ್ರೆ ತಗೋತೀನಿ. ಏಟು ತಿಂದವರ ಜೊತೆ ಇದ್ದೇ ನನಗೆ ಅಭ್ಯಾಸ."

ರಿಜಿಸ್ಟ್ರೇಷನ್ ಸದ್ದಿಲ್ಲದೆ ಮುಗಿಯಿತು. ಮರುದಿನ ಬೆಳಿಗ್ಗೆ ನರ್ಸಮ್ಮ ಬೀಗದ ಕೈ ತೆಗೆದುಕೊಳ್ಳಲು ಅಂಗಳಕ್ಕೆ ಬಂದರು. ಅವರ ಬೆನ್ನಿಗೇ ಗುಡುಗು ಬಂದ, ಕೈಯಲ್ಲಿ ಕೊಡಲಿ. ಯಾರೋ ಸುದ್ದಿ ಮುಟ್ಟಿಸಿದ್ದರು.

ನಾನು ಬಾಗಿಲಿಗೆ ಕೊನೆಯ ಕೀಲು ಬಿಗಿಯುತ್ತಿದ್ದೆ. ಎದ್ದು ಹೊಸ್ತಿಲಿಗೆ ಅಡ್ಡ ನಿಂತೆ. ಆಚೆಗೆ ಸರಿ ಎಂದ. ಸರಿಯಲಿಲ್ಲ.

ಕೊಡಲಿಯ ಹಿಂಬದಿ ನನ್ನ ಭುಜದ ಮೇಲೆ ಬಿತ್ತು. ಒಣ ಸೌದೆ ಮುರಿದ ಹಾಗೆ ಒಳಗೆ ಮೂಳೆ ಮುರಿದದ್ದು ನನಗೇ ಕೇಳಿಸಿತು. ಎರಡನೆಯದು ಮಂಡಿಗೆ. ಬಿದ್ದವನ ಮುಖಕ್ಕೆ ಒದ್ದ. ಬಾಯಿ ತುಂಬ ರಕ್ತ ಬಂತು. ಕೊಡಲಿ ಮತ್ತೆ ಮೇಲೇರಿತು, ಈ ಸಲ ಅಲಗು ಕೆಳಗಿತ್ತು.

ಅಷ್ಟರಲ್ಲಿ ಅವಳು ಒಳಗಿನಿಂದ ಬಂದಿದ್ದಳು. ಹುಟ್ಟಿದಾಗಿನಿಂದ ಏಟು ತಿಂದು ಒಂದು ಸಲವೂ ಕೈ ಎತ್ತದವಳು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಅಣ್ಣನ ಕೊರಳಿಗೆ ಒತ್ತಿದ್ದಳು. ಅಲ್ಲಿ ಕೆಂಪು ಗೆರೆಯೊಂದು ಮೂಡಿ ಕಾಲರಿನೊಳಗೆ ಇಳಿಯಿತು.

ಅವಳು ಕೂಗಲಿಲ್ಲ. "ನಮ್ಮನೆಯವರ ಮೇಲೆ ಇನ್ನೊಂದು ಏಟು ಬಿದ್ರೆ, ಅಣ್ಣ, ನಿನ್ನನ್ನ ಇಲ್ಲೇ ಕತ್ತರಿಸ್ತೀನಿ."

ಹೆಂಗಸರ ಬಾಯಲ್ಲಿ ಆ ಮಾತಿಗೆ ಒಂದೇ ಅರ್ಥ. ಗುಡುಗು ಹಾಗೇ ನಿಂತ.

"ಯಾರೇ ನಿಮ್ಮನೆಯವರು? ಈ ಬಾಗಿಲು ಹಾಕೋನಾ?"

ತಾನೇನು ಹೇಳಿದೆನೆಂದು ಅವಳಿಗೆ ಆಗಲೇ ಅರಿವಾದದ್ದು. ಕತ್ತರಿ ಹಿಡಿದಂತೆಯೇ ಕಣ್ಣು ತಿರುಗಿಸಿ ನೆಲದ ಮೇಲಿದ್ದ ನನ್ನನ್ನು ನೋಡಿದಳು. ಅಂಥ ಹೊತ್ತಿನಲ್ಲೂ ಕಿವಿಯವರೆಗೆ ಕೆಂಪಾದಳು.

ನಾನು ರಕ್ತ ಉಗಿದು ಹೇಳಿದೆ. "ಹೂಂ. ನಾನೇ."

ಗುಡುಗು ಕೊಡಲಿಯನ್ನು ನನ್ನ ಮೇಲೆ ಇಳಿಸಲಿಲ್ಲ. ಕತ್ತರಿಯಿಂದ ಕೊರಳು ಬಿಡಿಸಿಕೊಂಡು ಬಾಗಿಲ ಮೇಲೆ ಬೀಸಿದ. ಹಲಗೆ ಸೀಳಿತು, ಚೌಕಟ್ಟು ನಡುಗಿತು, ಚಕ್ಕೆಗಳು ನಮ್ಮ ಮೈಮೇಲೆಲ್ಲ ಬಿದ್ದವು. ಅಂಗಳದಿಂದ ನರ್ಸಮ್ಮ ಹತ್ತಿರ ಬಂದರು.

"ನೀನು ಹೊಡೀತಾ ಇರೋದು ನನ್ನ ಬಾಗಿಲಿಗಪ್ಪಾ. ಮನೆ ನಿನ್ನೆಯಿಂದ ನಂದು. ನಿನ್ನ ಕೈಲಿ ಮುರಿಯೋಕೆ ಅವಳದು ಅಂತ ಇಲ್ಲಿ ಇನ್ನೇನೂ ಉಳಿದಿಲ್ಲ."

ಕೊಡಲಿ ಅರ್ಧದಲ್ಲಿ ನಿಂತಿತು. ಅವನು ಒಳಗಿನ ಗೋಡೆಗಳನ್ನು ಒಂದೊಂದಾಗಿ ನೋಡಿದ. ಅಪ್ಪ ತನ್ನ ಕೈ ಮುರಿದಿದ್ದ ಮೂಲೆಯನ್ನು ತುಸು ಹೆಚ್ಚು ಹೊತ್ತು ನೋಡಿದ. ಆಮೇಲೆ ಕೊಡಲಿ ಹೆಗಲಿಗೆ ಹಾಕಿಕೊಂಡು, ಕೊರಳ ರಕ್ತ ಒರೆಸಿಕೊಳ್ಳದೆ ಹೊರಟುಹೋದ. ತಂಗಿಯ ಮುಖ ನೋಡಲಿಲ್ಲ. ಪೇಟೆಯ ಕಡೆ ಅವನು ಯಾವತ್ತೂ ಬರಲಿಲ್ಲ.

ಆಸ್ಪತ್ರೆಯಿಂದ ಅವಳು ನನ್ನನ್ನು ಪೇಟೆಯಲ್ಲಿ ತಾನು ಕೊಂಡಿದ್ದ ಹೊಸ ಕೋಣೆಗೇ ಕರೆದುಕೊಂಡು ಹೋದಳು. ನನ್ನ ಎಡಗೈ ಪಟ್ಟಿಯಲ್ಲಿ ನೇತಾಡುತ್ತಿತ್ತು. ಮಷೀನು ಇನ್ನೂ ಗೋಣಿಯೊಳಗಿತ್ತು. ಕೂರಲು ಇದ್ದ ಒಂದೇ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಎದುರಿಗೆ ನಿಂತಳು.

"ಅವತ್ತು ಬಾಯಿ ತಪ್ಪಿ ಬಂತು," ಎಂದಳು, ನೆಲ ನೋಡುತ್ತ.

"ವಾಪಸ್ ತಗೋತೀರಾ?"

"ಮೊದಲನೇ ಸಲ ಏನೋ ಮಾರಿದೀನಿ, ಮೊದಲನೇ ಸಲ ಏನೋ ಕೊಂಡಿದೀನಿ. ವಾಪಸ್ ಕೊಡೋ ಮಾತೆಲ್ಲ ಆಡಬೇಡಿ."

ಅವಳ ಮುಂಗೂದಲಲ್ಲಿ ಒಂದು ನೀಲಿ ದಾರ ಸಿಕ್ಕಿಕೊಂಡಿತ್ತು. ತೆಗೆಯೋಣವೆಂದು ಬಲಗೈ ಎತ್ತಿದೆ.

ಅವಳು ಎರಡೂ ಮೊಣಕೈಗಳಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಕುಗ್ಗಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ.

ನನ್ನ ಕೈ ಗಾಳಿಯಲ್ಲೇ ನಿಂತಿತು. ಮೂಳೆ ಮುರಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ಕೈ ಮೆಲ್ಲಗೆ ಇಳಿಸಹೋದೆ.

"ಇಳಿಸಬೇಡಿ," ಎಂದಳು ಮೊಣಕೈಗಳ ಹಿಂದಿನಿಂದ. "ಅಲ್ಲೇ ಇರಲಿ. ನಾನೇ ಬರ್ತೀನಿ."

ನಾನು ಕಾದೆ. ಬೀದಿಯಲ್ಲಿ ಗಾಡಿಗಳು ಹೋದವು, ಪಕ್ಕದ ಅಂಗಡಿಯವನು ಶಟರ್ ಎಳೆದ. ಒಂದು ಮೊಣಕೈ ಇಳಿಯಿತು, ಆಮೇಲೆ ಇನ್ನೊಂದು. ಅವಳು ಒಂದು ಹೆಜ್ಜೆ ಇಟ್ಟಳು, ನಿಂತಳು, ಮತ್ತೆ ಇಟ್ಟಳು. ನನ್ನ ಕೈ ಸೋತು ಬಂದಿತ್ತು, ಇಳಿಸಲಿಲ್ಲ.

ಎತ್ತಿ ಹಿಡಿದಿದ್ದ ಆ ಅಂಗೈಯೊಳಗೆ ಅವಳು ತಾನಾಗಿಯೇ ಕೆನ್ನೆ ಇಟ್ಟಳು.