ಕಲ್ಲು, ಹಕ್ಕಿ ಮತ್ತು ಅಮ್ಮನ ಕ್ಲಚ್ಚು

ಒಂದು ಊರಿನಲ್ಲಿ ಒಂದು ಮುದಿ ಕಾರಿತ್ತು. ಕತೆಯ ರಾಕ್ಷಸನ ಪ್ರಾಣವೆಲ್ಲ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಈ ಕಾರಿನ ಮೊಂಡುತನವೆಲ್ಲ ಒಂದು ತಂತಿಯಲ್ಲಿತ್ತು. ಕ್ಲಚ್ ಪೆಡಲಿನಿಂದ ಹೊರಟು ಗೇರ್‌ಬಾಕ್ಸಿನವರೆಗೆ ಹೋಗುವ, ಒಣಗಿ ಬಿಗಿದುಕೊಂಡ ಹಳೆಯ ತಂತಿ.

ಆ ಕಾರಿಗೆ ಈಗ ಚಿಕ್ಕಮ್ಮ ತೂತು ಕೊರೆಯುತ್ತಿದ್ದಳು!

"ಚಿಕ್ಕಮ್ಮಾ! ಕಾರ್ ಸತ್ತೋಗುತ್ತೆ!" ಪೀಪಿ ಕಿರುಚಿದಳು. ಆ ದನಿ ಕೇಳಿದವರು ಅವಳಿಗೆ ಪೀಪಿ ಅಂತ ಯಾಕೆ ಹೆಸರಿಟ್ಟರು ಎಂದು ಕೇಳುತ್ತಲೇ ಇರಲಿಲ್ಲ.

"ಸಾಯಲ್ಲ, ಹುಷಾರಾಗುತ್ತೆ. ಕಿವಿ ಹತ್ರ ಊದ್ಬೇಡ." ಚಿಕ್ಕಮ್ಮ ಡ್ರಿಲ್ ಕೆಳಗಿಟ್ಟಳು. ಅವಳು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಇವತ್ತು ಭಾನುವಾರ, ಅಕ್ಕನ ಮನೆಯಲ್ಲೇ ಗ್ಯಾರೇಜು.

ಪೀಪಿ ಬಗ್ಗಿ ನೋಡಿದಳು. ಎಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡಿನಲ್ಲಿ ದುಂಡನೆಯ ತೂತು. ತೂತಿನಿಂದ ಆಚೆಯ ಬೆಳಕು ಕಾಣುತ್ತಿತ್ತು. ಅವಳಿಗೆ ತನ್ನ ಹೊಟ್ಟೆಗೇ ತೂತು ಬಿದ್ದ ಹಾಗಾಯಿತು.

"ಇಲ್ಲೊಂದು ಸಿಲಿಂಡರ್ ಕೂರುತ್ತೆ. ಗೇರ್‌ಬಾಕ್ಸ್ ಹತ್ರ ಇನ್ನೊಂದು. ಮಧ್ಯೆ ಪೈಪು, ಪೈಪಲ್ಲಿ ಎಣ್ಣೆ. ಪೆಡಲ್ ಒತ್ತಿದ್ರೆ ಎಣ್ಣೆ ಹೋಗಿ ಅಲ್ಲಿ ತಳ್ಳುತ್ತೆ. ತಂತಿ ಬೇಡವೇ ಬೇಡ. ಹೈಡ್ರಾಲಿಕ್ ಕ್ಲಚ್ಚು, ಬೆಣ್ಣೆ ಥರ ಇರುತ್ತೆ."

"ತಂತಿನೇ ಚೆನ್ನಾಗಿತ್ತಪ್ಪ."

"ನಿಮ್ಮಮ್ಮನ ಮಂಡೀನ ಕೇಳು, ಹೇಳುತ್ತೆ."

ಅಮ್ಮ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಪರದೆಯ ಅಂಚು ಹೊಲಿಯುತ್ತಿದ್ದಳು. ಎಡಗಾಲು ಸ್ಟೂಲಿನ ಮೇಲೆ, ಮಂಡಿಗೆ ಬ್ಯಾಂಡೇಜು. ಹೊಲಿದ ಪರದೆಗಳನ್ನು ಅವಳು ಈ ಕಾರಿನಲ್ಲೇ ಮನೆಮನೆಗೆ ಒಯ್ದು ತೂಗುಹಾಕಿ ಬರುತ್ತಿದ್ದಳು. ಡಾಕ್ಟರು ಇನ್ನು ಗಟ್ಟಿ ಪೆಡಲ್ ಒತ್ತಲೇಬಾರದು ಎಂದಿದ್ದರು. ಕಾರು ಇವತ್ತು ಸರಿಹೋಗದಿದ್ದರೆ ಎದುರುಮನೆಯ ಮೀಸೆ ಅಂಕಲ್‌ಗೆ ಕೊಟ್ಟುಬಿಡುವುದೆಂದು ಮಾತಾಗಿತ್ತು.

ಮೀಸೆ ಅಂಕಲ್ ಬೆಳಗಿನಿಂದ ಸ್ಕೂಟರಿನಲ್ಲಿ ಬಂದು ಬಂದು ಇಣುಕುತ್ತಿದ್ದರು. "ಪಾಪ, ಯಾಕಮ್ಮಾ ಕಷ್ಟಪಡ್ತೀರಿ? ನನಗೆ ಕೊಟ್ಬಿಡಿ. ಸೀಟೆಲ್ಲ ಕಿತ್ತು ಕೋಳಿಗೂಡು ಮಾಡ್ತೀನಿ."

ಕೋಳಿಗೂಡು! ಪೀಪಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಸಂಜೆಯೊಳಗೆ ಅಕ್ಕನ ಕೈಲಿ ಓಡಿಸ್ತೀನಿ ಅಂದಿದೀನಿ, ಓಡಿಸ್ತೀನಿ," ಎಂದಳು ಚಿಕ್ಕಮ್ಮ.

ಮಧ್ಯಾಹ್ನದ ಹೊತ್ತಿಗೆ ಸಿಲಿಂಡರುಗಳು ಕೂತವು. ಉಳಿದದ್ದು ಒಂದೇ ಕೆಲಸ, ಪೈಪಿನೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಚಿಕ್ಕಮ್ಮ ಕಾರಿನಡಿ ತೂರಿದಳು. ಪೀಪಿ ಬೆನ್ನಿಗೆ ಪರದೆ ಬಟ್ಟೆಯ ಸುರುಳಿ ಇಟ್ಟುಕೊಂಡು ಡ್ರೈವರ್ ಸೀಟಿನ ತುದಿಯಲ್ಲಿ ಕೂತಳು.

"ಒತ್ತಿ ಹಿಡ್ಕೋ. ನಾನಿಲ್ಲಿ ಸ್ಕ್ರೂ ಸಡಿಲ ಮಾಡ್ತೀನಿ. ಮತ್ತೆ ಬಿಗಿ ಮಾಡೋವರೆಗೂ ಕಾಲೆತ್ತಬಾರದು. ಎತ್ತಿದ್ಯೋ, ಪೈಪು ಗಾಳಿ ಕುಡಿದುಬಿಡುತ್ತೆ."

ಪೀಪಿ ಒತ್ತಿದಳು. ಸ್ಕ್ರೂ ಸಡಿಲವಾಯಿತು. ಪೆಡಲ್ ತಾನಾಗಿಯೇ ಕೆಳಕ್ಕೆ ಜಾರಿತು. ಅಯ್ಯೋ, ಮುರಿದುಹೋಯಿತಾ?

"ಚಿಕ್ಕಮ್ಮಾ, ಜಾರ್ತಿದೆ!"

"ಜಾರಲಿ! ಬಿಡ..."

ಪೀಂ! ಮೀಸೆ ಅಂಕಲ್‌ನ ಸ್ಕೂಟರು ಗೇಟಿನಲ್ಲಿ ಹಾರ್ನ್ ಹೊಡೆಯಿತು.

ಪೀಪಿ ಕಾಲೆತ್ತಿದಳು.

ಕೆಳಗಿನಿಂದ ಗುಳುಗುಳು ಸದ್ದು. ಆಮೇಲೆ ಏನೂ ಇಲ್ಲ. ಪೀಪಿ ಮತ್ತೆ ಒತ್ತಿದಳು. ಒತ್ತಿದ್ದು ಗೊತ್ತೇ ಆಗಲಿಲ್ಲ. ಪೆಡಲ್ ಸತ್ತ ಮೀನಿನ ಹಾಗೆ ನೆಲಕ್ಕಂಟಿ ಬಿದ್ದುಕೊಂಡಿತು, ಮೇಲೆ ಬರಲೇ ಇಲ್ಲ.

ಚಿಕ್ಕಮ್ಮ ಹೊರಗೆ ಬಂದಳು. ಕೆನ್ನೆಯ ಮೇಲೆಲ್ಲ ಎಣ್ಣೆ.

"ಕುಡೀತಲ್ಲೇ ಗಾಳಿ! ಯಾಕೆ ಬಿಟ್ಟೆ?"

"ನೀನೇ ಬಿಡು ಅಂದೆ!"

"ಬಿಡಬೇಡ ಅಂದೆ ಕಣೇ!"

"ಬೇಡ ಕೇಳಿಸ್ಲೇ ಇಲ್ಲ!"

ಚಿಕ್ಕಮ್ಮ ಎಣ್ಣೆ ಡಬ್ಬಿ ಅಲ್ಲಾಡಿಸಿದಳು. ತಳದಲ್ಲಿ ಸ್ವಲ್ಪವೇ ಸದ್ದಾಯಿತು. ಅಂಗಡಿಗಳಿಗೆ ರಜೆ. "ಇದ್ದದ್ದು ಇಷ್ಟೇ. ಇನ್ನೊಂದ್ಸಲ ಹಾಗಾದ್ರೆ ಮುಗೀತು."

ಮೀಸೆ ಅಂಕಲ್ ಟೇಪು ತಂದು ಹಿಂದಿನ ಸೀಟಿನ ಉದ್ದ ಅಳೆಯುತ್ತಿದ್ದರು. ಅಮ್ಮನ ಸೂಜಿ ನಿಂತಿತ್ತು.

ಪೀಪಿ ಕಣ್ಣೊರೆಸಿಕೊಂಡಳು. "ಚಿಕ್ಕಮ್ಮಾ, ಬಿಡು ಬಿಡಬೇಡ ಎರಡೂ ಬೇಡ. ಹಿಡ್ಕೋಬೇಕು ಅಂದ್ರೆ 'ಕಲ್ಲು' ಅನ್ನು. ಕಾಲೆತ್ತಬೇಕು ಅಂದ್ರೆ 'ಹಕ್ಕಿ' ಅನ್ನು."

ಚಿಕ್ಕಮ್ಮ ಉಳಿದ ಎಣ್ಣೆಯನ್ನು ಸಿಲಿಂಡರಿಗೆ ಸುರಿದು, ಮತ್ತೆ ಕಾರಿನಡಿ ತೂರಿದಳು.

"ಕಲ್ಲು!"

ಪೀಪಿ ಬಿದ್ದಿದ್ದ ಪೆಡಲನ್ನು ಕೈಯಿಂದ ಎಳೆದೆತ್ತಿ, ಮತ್ತೆ ಒತ್ತಿ, ಕಲ್ಲಾದಳು. ಪೆಡಲ್ ಜಾರಿತು, ಜಾರಲಿ. ನೊಣ ಮೂಗಿನ ಮೇಲೆ ಕೂತಿತು, ಕೂರಲಿ. ತೊಡೆ ಗಡಗಡ ನಡುಗಿತು.

"ಹಕ್ಕಿ!"

ಕಲ್ಲು, ಹಕ್ಕಿ. ಕಲ್ಲು, ಹಕ್ಕಿ. ಹೊರಬರುವ ಎಣ್ಣೆಯಲ್ಲಿ ಗುಳ್ಳೆಗಳು ಕಡಿಮೆಯಾಗುತ್ತ ಬಂದವು. ಇದ್ದಕ್ಕಿದ್ದಂತೆ ಪೆಡಲ್ ಪೀಪಿಯ ಪಾದವನ್ನು ಮೆತ್ತಗೆ ಮೇಲಕ್ಕೆ ತಳ್ಳಿತು. ಅವಳು ಬೆಚ್ಚಿಬಿದ್ದಳು. ಬದುಕಿದೆ!

"ಅಕ್ಕಾ, ಬಾ," ಎಂದಳು ಚಿಕ್ಕಮ್ಮ.

ಅಮ್ಮ ಕುಂಟುತ್ತ ಬಂದು ಸ್ಟೀರಿಂಗ್ ಮುಂದೆ ಕೂತಳು. ಪೀಪಿ ಹಿಂದೆ ಹತ್ತಲು ಹೋದಳು. ಸ್ಕೂಲಿಗೆ ಹೋಗುವಾಗ ಅವಳ ಜಾಗ ಅದೇ.

"ಇವತ್ತು ಮುಂದೆ ಕೂತ್ಕೊಳ್ಳೇ, ಮೆಕ್ಯಾನಿಕ್ಕು," ಎಂದಳು ಚಿಕ್ಕಮ್ಮ.

ಅಮ್ಮ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಳು. ಕಣ್ಣು ಕಿರಿದಾದವು. ಕೆಳತುಟಿ ಹಲ್ಲಿನಡಿ ಸಿಕ್ಕಿ ಬೆಳ್ಳಗಾಯಿತು.

ಅವಳ ಕಾಲು ಇನ್ನೂ ಪೆಡಲನ್ನು ಮುಟ್ಟಿಯೇ ಇರಲಿಲ್ಲ.

ಪೀಪಿ ಅಮ್ಮನ ಮುಖದ ಕಡೆ ತಿರುಗಿದಳು. ಇಷ್ಟು ದಿನ ಹಿಂದಿನ ಸೀಟಿನಿಂದ ಅವಳಿಗೆ ಕಾಣುತ್ತಿದ್ದದ್ದು ಅಮ್ಮನ ಜಡೆ ಮಾತ್ರ. ಆ ಜಡೆಗೆ ಅವಳು ಪ್ರತಿ ಸಿಗ್ನಲ್ಲಿನಲ್ಲೂ "ಬೇಗ ಹೋಗಮ್ಮಾ, ಲೇಟಾಯ್ತು" ಎಂದು ಕೂಗಿದ್ದಳು. ಆಗೆಲ್ಲ ಜಡೆಯ ಮುಂದೆ, ನೋವಿಗೆ ಹಲ್ಲುಕಚ್ಚಿದ ಈ ಮುಖ ಇತ್ತು.

ಅಮ್ಮ ಒತ್ತಿದಳು. ಪೆಡಲ್ ಸದ್ದಿಲ್ಲದೆ ಇಳಿಯಿತು. ಹಲ್ಲಿನಡಿಯಿಂದ ತುಟಿ ಹೊರಬಂತು.

"ಅಯ್ಯೋ, ಇಷ್ಟೇನಾ?" ಎಂದಳು ಅಮ್ಮ, ದಂಗಾಗಿ.

ಗೇರು ಬಿತ್ತು. ಮೀಸೆ ಅಂಕಲ್ ಟೇಪು ಹಿಡಿದುಕೊಂಡೇ ಪಕ್ಕಕ್ಕೆ ಸರಿದರು.

"ಏನೇ ಪೀಪಿ, ಇವತ್ತು ಸದ್ದೇ ಇಲ್ಲ?" ಅಮ್ಮ ಕೇಳಿದಳು.

"ನಿಧಾನಕ್ಕೇ ಹೋಗಮ್ಮ," ಎಂದಳು ಪೀಪಿ.

ಕಾರು ಗೇಟು ದಾಟಿತು.