ಬೆಂಕಿ ಹಚ್ಚಬೇಡ ಅಂದರೆ ಏನರ್ಥ?

ಫಿರೋಜಾ ಬಿ.ಎ.ಗೆ ಇಂಗ್ಲಿಷ್ ತೆಗೆದುಕೊಂಡಿದ್ದೇ ತಪ್ಪಾಯಿತು. ಚನ್ನಪಟ್ಟಣದ ಆ ಬೀದಿಯಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಅವಳ ಮನೆ ಬಾಗಿಲಿಗೇ ತರುತ್ತಿದ್ದರು. ಈ ಸಲ ಬಂದದ್ದು ಕ್ಯಾಸೆಟ್. ತಂದವನು ಎದುರು ಮನೆಯ ಮುಕ್ತಿಯಾರ್, ಲೇತ್ ಮೇಲೆ ಬೊಂಬೆ ಕಡೆಯುವವನು.

"ಬೊಂಬೆ ಕೊಳ್ಳೋಕೆ ಬಂದಿದ್ದ ಫಾರಿನ್ ಸಾಹೇಬ್ರು ಕೊಟ್ಟೋದ್ರು. ರೆಗೇ ಅಂತೆ, ಜಮೈಕಾ ದೇಶದ ಹಾಡಂತೆ. ಒಸಿ ಅರ್ಥ ಬರ್ದು ಕೊಡ್ತೀರಾ?" ಎಂದ. ಕಣ್ಣು ಮಾತ್ರ ಕ್ಯಾಸೆಟ್ ಮೇಲಿರಲಿಲ್ಲ.

ಫಿರೋಜಾ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಎರಡು ವರ್ಷದಿಂದ ಬರೀ ನೋಡುತ್ತಿದ್ದವನು ಕೊನೆಗೂ ಹಾಡಿನಲ್ಲಿ ಮನಸ್ಸು ಕಳಿಸಿದ್ದಾನೆ! ಬರುವ ಶುಕ್ರವಾರ ಮಾಗಡಿಯಿಂದ ಹೆಣ್ಣು ನೋಡಲು ಬರುವವರಿದ್ದರು. ಅಷ್ಟರೊಳಗೆ ಈ ಮನುಷ್ಯ ಬಾಯಿ ಬಿಡಲಿ ಎಂದು ಅವಳು ದಿನಾ ದುವಾ ಮಾಡುತ್ತಿದ್ದಳು.

ಹಾಡನ್ನು ಹತ್ತು ಸಲ ಕೇಳಿದಳು. ಅದರಲ್ಲಿದ್ದದ್ದು ಒಂದೇ ಮಾತು, ಮತ್ತೆ ಮತ್ತೆ: ನನಗಾಗಿ ಬೆಂಕಿ ಹಚ್ಚಬೇಡ ಹುಡುಗಿ, ನಾನು ಸುತ್ತುತ್ತಲೇ ಇದ್ದೇನೆ.

ಅವಳ ಮುಖ ಸಪ್ಪಗಾಯಿತು. ಒಲೆ ಹಚ್ಚಿ ಕಾಯಬೇಡ, ನಾನು ಊರೂರು ಅಲೆಯುವವನು. ಇದಲ್ಲದೆ ಬೇರೇನರ್ಥ? ಇಂಗ್ಲಿಷ್ ಬಾರದವನು ಇಂಗ್ಲಿಷಿನಲ್ಲಿ ಬೇಡ ಅನ್ನುವುದಾದರೂ ಹೇಗೆ ಎಂಬುದು ಅವಳ ಬಿ.ಎ. ಬುದ್ಧಿಗೆ ಹೊಳೆಯಲೇ ಇಲ್ಲ. ಆ ಸಾಲನ್ನು ಕನ್ನಡದಲ್ಲಿ ಚೀಟಿಯ ಮೇಲೆ ಗೀಚಿ, ಅವನ ಲೇತ್ ಪಕ್ಕ ಇಟ್ಟು, ಹಿಂದಿರುಗಿ ನೋಡದೆ ಬಂದಳು. ಅಮ್ಮ ಬದ್ರುನ್ನೀಸಾಗೆ "ಮಾಗಡಿಯವ್ರು ಬರ್ಲಿ, ನಂಗೆ ಒಪ್ಗೆ" ಎಂದೂ ಹೇಳಿಬಿಟ್ಟಳು.

ಮಾರನೆಯ ಬೆಳಿಗ್ಗೆ ನೋಡಿದರೆ ಮುಕ್ತಿಯಾರ್ ಆ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡು ಶಿಳ್ಳೆ ಹಾಕುತ್ತಾ ಕೆಲಸ ಮಾಡುತ್ತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೇರ ಒಳಗೆ ನುಗ್ಗಿದಳು.

"ಬಿಟ್ಟು ಹೋಗೋ ಹಾಡಿಗೆ ಶಿಳ್ಳೆ ಬೇರೆ ಕೇಡು ನಿಮ್ಗೆ!"

"ಬಿಟ್ಟು ಹೋಗೋದಾ? ಯಾರಂದ್ರು?" ಅವನು ಅರಗಿನ ಕಡ್ಡಿಯನ್ನು ತಿರುಗುತ್ತಿದ್ದ ಮರಕ್ಕೆ ಒತ್ತಿದ. ಕೆಂಪು ಬಣ್ಣ ಕರಗಿ ಮರಕ್ಕೆ ಹತ್ತಿಕೊಂಡಿತು. "ನೋಡಿ, ಬೆಂಕಿ ಐತಾ ಇಲ್ಲಿ? ಸುತ್ತುತಾ ಇದ್ರೆ ಸಾಕು, ಬಿಸಿ ತಾನಾಗೇ ಬತ್ತೈತೆ, ಬಣ್ಣ ಕೂತ್ಕತೈತೆ. ಆಮೇಲೆ ತೊಳುದ್ರೂ ಹೋಗಕಿಲ್ಲ. ಆ ಹಾಡೋನೂ ನಮ್ಮ ಕಸುಬಿನೋನೇ ಇರ್ಬೇಕು."

ಜಮೈಕಾದ ಹಾಡುಗಾರ ಬೊಂಬೆ ಕಡೆಯುತ್ತಿದ್ದನೆಂಬ ಪಾಠ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ. ಫಿರೋಜಾಳಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು.

"ಹಾಡೋನ ವಿಷ್ಯ ಬುಡಿ. ನೀವ್ಯಾಕೆ ಎರಡು ವರ್ಷದಿಂದ ನಮ್ಮನೆ ಮುಂದೆ ಸುತ್ತುತಾ ಇದ್ದೀರ?"

ಅವನು ಲೇತ್ ನಿಲ್ಲಿಸಿದ. ಕಿವಿಯವರೆಗೂ ಕೆಂಪಾದ.

"ನೀವು ಬೇಕು ಅಂತ."

"ಅದನ್ನ ಕನ್ನಡದಲ್ಲೇ ಹೇಳೋಕೇನಾಗಿತ್ತು? ನಾನು ಸಿಟ್ಟಿಗೆ ಮಾಗಡಿಯವ್ರಿಗೆ ಒಪ್ಗೆ ಅಂದ್ಬುಟ್ಟೆ. ನಿಮ್ಮ ಅಮ್ಮೀನ ಈಗ್ಲೇ ಕಳ್ಸಿ!"

"ಚೀಟಿ ಓದ್ದೋನೇ ನಿಮ್ಮನೇಲಿ ಹೆಣ್ಣು ಕೇಳು ಅಂತ ಅಮ್ಮಿಗೆ ಹೇಳ್ದೆ," ಎಂದ ಮುಕ್ತಿಯಾರ್, ಮೆಲ್ಲಗೆ. "ನೀವು ಇತ್ಲಾಗೆ ಬಂದ್ರಿ, ಅವ್ರು ಅತ್ಲಾಗೆ ಹೋದ್ರು."

ಫಿರೋಜಾ ಗಾಬರಿಯಿಂದ ಬಾಗಿಲಿಗೆ ಓಡಿದಳು. ಮಗಳ ಒಪ್ಪಿಗೆಗೆ ನಿಜವಾದ ಅರ್ಥವೇನೆಂದು ಬದ್ರುನ್ನೀಸಾಗೆ ಯಾರೂ ಬರೆದುಕೊಡಬೇಕಿರಲಿಲ್ಲ. ಎದುರು ಜಗಲಿಯ ಮೇಲೆ ಆಕೆ ಮುಕ್ತಿಯಾರನ ತಾಯಿ ರೋಶನ್ ಬೀಯ ಬಾಯಿಗೆ ಸಕ್ಕರೆ ಹಾಕುತ್ತಿದ್ದಳು.