ಮೇಸ್ತ್ರಿ ಹಾಕಿದ ಸಹಿ

ಅವಳು ಚಾಚಿದ ತಪಾಸಣೆಯ ಕಾಗದವನ್ನು ಅವನು ತೆಗೆದುಕೊಳ್ಳಲಿಲ್ಲ.

"ಕೈಯೆಲ್ಲ ಬಣ್ಣ ಮೇಡಂ. ಏನಿದೆ ಅಂತ ನೀವೇ ಹೇಳಿಬಿಡಿ," ಎಂದು ನಕ್ಕ.

ಇವನೇ. ಬಣ್ಣದ ಕಾರ್ಖಾನೆಯಲ್ಲಿ ಬಣ್ಣ ಬೆರೆಸುವ ವಿಭಾಗದ ಮೇಸ್ತ್ರಿ. ಎಂಟು ತಿಂಗಳ ಹಿಂದೆ ಅವಳ ತಮ್ಮನನ್ನು ಕೆಲಸದಿಂದ ತೆಗೆದ ಪತ್ರದ ಕೆಳಗೆ ಇವನ ಸಹಿ ಇತ್ತು. ಆ ಪತ್ರ ಈಗ ಅವಳ ಚೀಲದಲ್ಲಿತ್ತು.

ಕಾಗದ ಮುಟ್ಟುವಷ್ಟೂ ಪುರುಸೊತ್ತಿಲ್ಲ. ನಗು ಬೇರೆ… ನಗು. ಇನ್ನು ಹತ್ತೇ ದಿನ, ಎಂದುಕೊಂಡಳು ಅವಳು.

ತಮ್ಮನಿಗೆ ಇಪ್ಪತ್ತಾರು ವರ್ಷ. ಆಟಿಸಂ ಇರುವವನು. ಬರೆದದ್ದನ್ನು ಓದುವುದರಲ್ಲಿ ಒಂದು ಚುಕ್ಕೆಯೂ ತಪ್ಪುವವನಲ್ಲ. ಸದ್ದು ಮಾತ್ರ ತಡೆಯಲಾರ. ಡಬ್ಬ ಅಲುಗಿಸುವ ಯಂತ್ರದ ಸದ್ದಿಗೆ ಹೆಡ್‌ಫೋನ್ ಬೇಕೆಂದು ಕೇಳಿದ್ದ. ಬಂದದ್ದು ಪತ್ರ. 'ಇತರರೊಂದಿಗೆ ಹೊಂದಿಕೊಳ್ಳಲಾರ' ಎಂದಿತ್ತು ಅದರಲ್ಲಿ. ಅಂದಿನಿಂದ ಅವನು ಮನೆಯ ಹೊಸ್ತಿಲು ದಾಟಿರಲಿಲ್ಲ.

ಅಂಥವರಿಗೆ ಕೆಲಸ ಕೊಡಿಸುವ ಸಂಸ್ಥೆಯಲ್ಲಿ ಅವಳು ಪರಿಶೀಲಕಿ. ಈ ಕಾರ್ಖಾನೆಯ ತಪಾಸಣೆಯನ್ನು ತಾನೇ ಕೇಳಿ ಪಡೆದಿದ್ದಳು. ತಮ್ಮನ ವಿಷಯ ಯಾರಿಗೂ ಹೇಳಿರಲಿಲ್ಲ. ಕೊನೆಯ ದಿನ ಎಲ್ಲರೆದುರು ಆ ಪತ್ರವನ್ನು ಮೇಸ್ತ್ರಿಯ ಬಾಯಿಂದಲೇ ಓದಿಸಬೇಕು. ಪ್ರತಿಯೊಂದು ಸಾಲೂ ಅವನ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ.

ಆದರೆ ಅವನು ಅವಳು ಅಂದುಕೊಂಡ ಹಾಗಿರಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಒಬ್ಬ ಹುಡುಗಿ ಹೇಳಿದ ಮರುದಿನವೇ ಆ ಹುಡುಗಿಯ ಮೇಜಿನ ಮೇಲಿನ ದೀಪ ಬದಲಿಸಿದ್ದ. ತಡವಾಗಿ ಉತ್ತರಿಸುವವನ ಎದುರು ಸುಮ್ಮನೆ ಕಾಯುತ್ತಿದ್ದ. ಒಂದು ಸಂಜೆ ಅವಳ ಬೂದು ಕೊಡೆಯನ್ನು ನೋಡಿ, ಇದು ಮೊದಲು ನೀಲಿಯಾಗಿತ್ತು, ಹೆಚ್ಚುಕಡಿಮೆ ಆರು ಬೇಸಿಗೆ ಕಂಡಿದೆ ಎಂದ. ಲೆಕ್ಕ ಸರಿಯಿತ್ತು.

ಅವಳಿಗೆ ನಗು ಬಂತು. ನಕ್ಕದ್ದಕ್ಕೆ ರಾತ್ರಿ ಊಟ ಸೇರಲಿಲ್ಲ.

ಇಷ್ಟು ಗೊತ್ತಿದ್ದೂ ನನ್ನ ತಮ್ಮನನ್ನು ಅಟ್ಟಿದೆಯಲ್ಲ… ಗೊತ್ತಿಲ್ಲದವನಾಗಿದ್ದರೆ ಕ್ಷಮಿಸಬಹುದಿತ್ತು.

ಹತ್ತನೆಯ ದಿನ ತಮ್ಮನನ್ನು ಕಾರ್ಖಾನೆಯ ಸಭೆಗೆ ಕರೆದಳು. ಬರುವುದಿಲ್ಲ ಎಂದುಕೊಂಡಿದ್ದಳು. ಮೇಸ್ತ್ರಿ ಇರುತ್ತಾನೆ ಎಂದೊಡನೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತ. ಇವನಿಗೂ ಸೇಡು ಬೇಕಾಗಿದೆ ಎಂದು ಅವಳು ತಿಳಿದಳು.

ಸಭೆಯಲ್ಲಿ ಕಾರ್ಖಾನೆಯ ವಯಸ್ಸಾದ ಯಜಮಾನಿ, ಮ್ಯಾನೇಜರ್, ಕೆಲಸಗಾರರೆಲ್ಲ ಇದ್ದರು. ತಮ್ಮ ಹಿಂದಿನ ಸಾಲಿನಲ್ಲಿ ಕೂತ. ಅವಳು ಎದ್ದು ಪತ್ರವನ್ನು ಮೇಸ್ತ್ರಿಯ ಮುಂದಿಟ್ಟಳು.

"ನೀವೇ ಸಹಿ ಹಾಕಿದ್ದು. ಜೋರಾಗಿ ಓದಿ."

ಅವನು ಕೈ ನೋಡಿಕೊಂಡ. ಸಭೆಗೆಂದು ಉಜ್ಜಿ ತೊಳೆದ ಕೈ. ಒಂದು ಹನಿ ಬಣ್ಣವೂ ಇರಲಿಲ್ಲ. ಕಾಗದ ಹಿಡಿದ. ತುಟಿ ಅಲುಗಿತು. ಮೊದಲ ಅಕ್ಷರ ಹೊರಟಿತು, ಮತ್ತೆ ಅದೇ ಅಕ್ಷರ… ಹಣೆ ಬೆವರಿತು. ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಮಾತ್ರ ನಗಲಿಲ್ಲ. ಕಿಟಕಿಯ ಕಡೆ ನೋಡತೊಡಗಿದ.

ಅಕ್ಷರಗಳು ಅವನಿಗೆ ಕೂಡಿಬರುತ್ತಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಡಿಸ್ಲೆಕ್ಸಿಯಾವನ್ನು ಗುರುತಿಸುವುದು ಹೇಗೆಂದು ಊರೂರು ಸುತ್ತಿ ಪಾಠ ಹೇಳುವವಳು ಅವಳು. ಹತ್ತು ದಿನ ಕಣ್ಣೆದುರಿಗಿದ್ದವನಲ್ಲಿ ಅವಳಿಗೆ ಕಂಡದ್ದು ಸೊಕ್ಕು ಮಾತ್ರ.

ತಮ್ಮ ಎದ್ದು ಬಂದ. ಮೇಸ್ತ್ರಿಯ ಕೈಯಿಂದ ಕಾಗದ ತೆಗೆದುಕೊಂಡ.

"ಅಣ್ಣ ಓದಲ್ಲ. ನಾನು ಓದ್ತೀನಿ."

ತನ್ನನ್ನು ಕೆಲಸದಿಂದ ತೆಗೆದ ಪತ್ರವನ್ನು ದಿನಾಂಕದಿಂದ ಹಿಡಿದು ಸಹಿಯವರೆಗೆ ಏರಿಳಿತವಿಲ್ಲದ ದನಿಯಲ್ಲಿ ಓದಿದ. ಬಣ್ಣ ಬೆರೆಸುವ ಅಳತೆಯ ಚೀಟಿಗಳನ್ನು ಓದಿ ಮುಗಿಸಿದಾಗ ಹೇಳುತ್ತಿದ್ದ ಹಾಗೆಯೇ, "ಮುಗೀತು ಅಣ್ಣ," ಎಂದ.

ಮೇಸ್ತ್ರಿ ಮ್ಯಾನೇಜರ್ ಕಡೆ ತಿರುಗಿದ. "ಹೆಡ್‌ಫೋನ್ ಅರ್ಜಿ ಅಂತ ಹೇಳಿ ಸಹಿ ಹಾಕಿಸ್ಕೊಂಡ್ರಲ್ಲ ಸ್ವಾಮಿ ನೀವು. ಆಮೇಲೆ ಇವನೇ ಕೆಲಸ ಬಿಟ್ಟ ಅಂದ್ರಲ್ಲ."

ಉಳಿದದ್ದನ್ನು ತಮ್ಮನೇ ಹೇಳಿದ. ಚೀಟಿ ಓದುವುದು ತಾನು, ಕಣ್ಣಳತೆಯಲ್ಲಿ ಬಣ್ಣ ಕೂಡಿಸುವುದು ಅಣ್ಣ. ಇಬ್ಬರೂ ಸೇರಿದರೆ ಒಂದು ಕೆಲಸ. ಅಣ್ಣ ಸಹಿ ಹಾಕಿದ ದಿನ ತನಗೆ ಜ್ವರ, ಓದಿ ಹೇಳಲು ತಾನಿರಲಿಲ್ಲ. ತನಗೆ ಓದಲು ಬಾರದ್ದನ್ನು ಯಾರಿಗೂ ಹೇಳಬೇಡ ಅಂತ ಅಣ್ಣ ಹೇಳಿದ್ದರಿಂದ ಅಕ್ಕನಿಗೂ ಹೇಳಿರಲಿಲ್ಲ.

ಅವಳು ಪತ್ರವನ್ನು ಮ್ಯಾನೇಜರ್ ಮುಂದೆ ಹಿಡಿದಳು. "ಈಗ ನೀವು ಓದಿ."

ಅವನು ಯಜಮಾನಿಯ ಕಡೆ ನೋಡಿದ. ಓದಯ್ಯ ಎಂದರು ಆಕೆ. ಅವಳು ಮೂರು ಸಲ ಓದಿಸಿದಳು. ಮೂರನೆಯ ಸಲಕ್ಕೆ ಅವನ ದನಿ ಒಡೆಯಿತು. ಅವಳಿಗೆ ಚೂರೂ ಕನಿಕರ ಬರಲಿಲ್ಲ.

ಮಧ್ಯಾಹ್ನದೊಳಗೆ ಮ್ಯಾನೇಜರ್ ಕೆಲಸ ಹೋಯಿತು. ತಮ್ಮನಿಗೆ ಸೋಮವಾರದಿಂದ ಕೆಲಸ, ಹೆಡ್‌ಫೋನ್ ಜೊತೆಗೆ. ತಮ್ಮನ ವಿಷಯ ಮುಚ್ಚಿಟ್ಟದ್ದನ್ನೂ ಅವಳು ಯಜಮಾನಿಗೆ ಹೇಳಿ, ವರದಿಯನ್ನು ಬೇರೆಯವರು ಬರೆಯಲೆಂದು ತನ್ನ ಕಚೇರಿಗೆ ತಿಳಿಸಿದಳು.

ಮೇಸ್ತ್ರಿ ಗೋದಾಮಿನ ಹಿಂದೆ, ಖಾಲಿ ಡಬ್ಬದ ಮೇಲೆ ಕೂತಿದ್ದ. ಅವಳು ಎದುರಿಗೆ ನಿಂತಳು. ನನ್ನ ತಮ್ಮನಿಗೆ ಅವರು ಮಾಡಿದ್ದನ್ನೇ ನಾನು ನಿಮಗೆ ಮಾಡಿದೆ ಎಂದಳು. ಕ್ಷಮಿಸಿ ಎನ್ನುವಷ್ಟರಲ್ಲಿ ಅವನೇ ತಡೆದ.

"ಓದಿಸ್ಕೊಂಡು ಸಹಿ ಹಾಕಬಹುದಿತ್ತು ನಾನು. ನಾಚಿಕೆ ಆಯ್ತು. ನನ್ನ ನಾಚಿಕೆಗೆ ಅವನ ಎಂಟು ತಿಂಗಳು ಹೋಯ್ತು. ಅದನ್ನ ಮಾತ್ರ ಕ್ಷಮಿಸಬೇಡಿ."

"ಕ್ಷಮಿಸಿಲ್ಲ."

ಅವನು ತಲೆ ಆಡಿಸಿದ. ನೆಲ ನೋಡುತ್ತಲೇ, ಹತ್ತು ದಿನದಿಂದ ನೀವು ಬರೋ ಹೊತ್ತಿಗೆ ಬಾಗಿಲ ಹತ್ರ ಏನಾದ್ರೂ ಕೆಲಸ ಹುಡುಕ್ಕೊಂಡು ನಿಲ್ತಿದ್ದೆ ಎಂದ. ಹೇಳಬೇಕು ಅನ್ನಿಸಿತು, ಅಷ್ಟೇ. ಈಗ ಹೇಳಿ ಪ್ರಯೋಜನವಿಲ್ಲ ಎಂದೂ ಸೇರಿಸಿದ.

ಅವಳು ಇನ್ನೊಂದು ಡಬ್ಬ ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಗೊತ್ತಿತ್ತು. ಅದಕ್ಕೇ ನಿಮ್ಮ ಮೇಲೆ ಇನ್ನೂ ಜಾಸ್ತಿ ಸಿಟ್ಟು ಬರ್ತಿತ್ತು."

"ಈಗ್ಲೂ ಇದೆಯಾ?"

"ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ… ನಾಳೆ ಮನೆಗೆ ಬನ್ನಿ. ಇದೆಯೋ ಇಲ್ವೋ ನೀವೇ ನೋಡಿ."

"ಇದ್ದರೆ?"

"ನಾಡಿದ್ದೂ ಬನ್ನಿ."